ದುಂಡುಹುಳುವಿನ ಆಕರಕೋಶಗಳೂ ಜೀನುಗಳ ನಿಯಮನವೂ: ಒಂದು ವಿಮರ್ಶೆ

ಜೀವಿಗಳ ಬೆಳೆವಣಿಗೆಯನ್ನು ಅಭ್ಯಸಿಸುವವರಿಗೆ ವೈವಿಧ್ಯಕ್ಕಿಂತಲೂ ಏಕರೂಪತೆಯೇ ಹೆಚ್ಚು ಸೋಜಿಗದ ವಿಷಯವಾಗಿ ತೋರಬೇಕು. ಜೀವಕೋಶದೊಳಗಿನ ಅಣುಗಳ ಸಂಖ್ಯೆ ಕ್ಷಣಕ್ಷಣಕ್ಕೂ ಏರಿಳಿಯುತ್ತಿರುತ್ತದೆ. ಆಹಾರ, ಉಷ್ಣತೆಗಳು ಬದಲಾಗುತ್ತಿರುತ್ತವೆ. ಆದರೂ ಒಂದು ಜಾತಿಯ ಮರಿಗಳೆಲ್ಲವೂ ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಬೆಳೆಯುತ್ತವೆ. ಈ ಪ್ರಶ್ನೆಗೆ ವ್ಯಾಡಿಂಗ್ಟನ್ 1942ರಲ್ಲಿ ಒಂದು ಹೆಸರನ್ನು ಕೊಟ್ಟನು. ಬೆಳೆವಣಿಗೆಯು ಕಾಲುವೆಯಲ್ಲಿ ಹರಿಯುವ ನೀರಿನಂತೆ, ಸ್ವಲ್ಪ ಅತ್ತಿತ್ತ ಸರಿದರೂ ಮರಳಿ ತನ್ನ ಪಾತ್ರವನ್ನೇ ಸೇರುವುದೆಂಬುದು ಅವನ ಅಭಿಪ್ರಾಯ. ಹೆಸರು ಸಿಕ್ಕಿದ ಮಾತ್ರಕ್ಕೆ ವಿವರಣೆ ಸಿಕ್ಕಿದಂತಾಗಲಿಲ್ಲ. ಕಾಲುವೆಯ ದಂಡೆಗಳನ್ನು ಕಟ್ಟಿದವರಾರು ಎಂಬ ಪ್ರಶ್ನೆ ಉಳಿಯಿತು. ಸೀನೊರ್ಹ್ಯಾಬ್ಡೈಟಿಸ್ ಎಲಿಗನ್ಸ್ ಎಂಬ ದುಂಡುಹುಳುವಿನಲ್ಲಿ ಈ ಪ್ರಶ್ನೆಗೆ ದೊರೆತಿರುವ ಉತ್ತರಗಳನ್ನೂ, ಅವುಗಳನ್ನು ನಾವು ಪಾಠಗಳಲ್ಲಿ ನಿರೂಪಿಸುವ ರೀತಿಯನ್ನೂ ಇಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

ಸುಮಾರು ಒಂದು ಮಿಲಿಮೀಟರು ಉದ್ದದ ಈ ಹುಳುವನ್ನು ತಳಿಶಾಸ್ತ್ರದ ಪ್ರಯೋಗಕ್ಕೆ ಒಗ್ಗಿಸಿದವನು ಸಿಡ್ನಿ ಬ್ರೆನ್ನರ್. ಅವನ ಮುಖ್ಯ ಪ್ರಬಂಧ ಹೊರಬಂದುದು 1974ರಲ್ಲಿ. 1977ರಲ್ಲಿ ಸಲ್ಸ್‌ಟನ್ ಮತ್ತು ಹಾರ್ವಿಟ್ಸ್ ಮೊಟ್ಟೆಯೊಡೆದ ನಂತರದ ಕೋಶವಂಶಾವಳಿಯನ್ನು ಪ್ರಕಟಿಸಿದರು. 1983ರಲ್ಲಿ ಸಲ್ಸ್‌ಟನ್ ಮತ್ತು ಅವನ ಸಹೋದ್ಯೋಗಿಗಳು ಭ್ರೂಣದ ವಂಶಾವಳಿಯನ್ನೂ ಪೂರ್ಣಗೊಳಿಸಿದರು. ಬೆಳೆದ ದ್ವಿಲಿಂಗಿ ಹುಳುವಿನ ದೇಹದಲ್ಲಿ, ಜನನಕೋಶಗಳನ್ನು ಬಿಟ್ಟರೆ, 959 ಕೋಶಕೇಂದ್ರಗಳಿವೆ. ಪ್ರತಿಯೊಂದರ ಪೂರ್ವಿಕರನ್ನೂ ಹೆಸರಿಟ್ಟು ಹೇಳಬಹುದು. ಇಂತಹ ವಂಶಾವಳಿ ದೊರೆತಿರುವ ಪ್ರಾಣಿಗಳು ಅತಿ ವಿರಳ.

ನಮ್ಮ ಚರ್ಚೆಗೆ ಮುಖ್ಯವಾದುವು ಹುಳುವಿನ ಎರಡು ಪಾರ್ಶ್ವಗಳಲ್ಲಿ ಹೊಲಿಗೆಯ ಗೆರೆಯಂತೆ ಸಾಲಾಗಿರುವ ಸೀಮ್ ಕೋಶಗಳು. ಮೊಟ್ಟೆಯೊಡೆದಾಗ ಪ್ರತಿ ಪಾರ್ಶ್ವದಲ್ಲಿಯೂ 10 ಇರುತ್ತವೆ. ಮರಿಯ ನಾಲ್ಕು ಅವಸ್ಥೆಗಳಲ್ಲಿ ಇವು ಮರಳಿ ಮರಳಿ ವಿಭಜನೆ ಹೊಂದುತ್ತವೆ. ಸಾಮಾನ್ಯವಾಗಿ ಈ ವಿಭಜನೆ ಅಸಮವಾದುದು: ಹಿಂದಿನ ಮಗಳುಕೋಶ ಸೀಮ್ ಕೋಶವಾಗಿಯೇ ಉಳಿಯುತ್ತದೆ, ಮುಂದಿನದು ದೇಹದ ಹೊರಪೊರೆಯಲ್ಲಿ ಸೇರಿಹೋಗುತ್ತದೆ. ಎರಡನೆಯ ಅವಸ್ಥೆಯಲ್ಲಿ ಮಾತ್ರ ಆರು ಕೋಶಗಳು ಒಮ್ಮೆ ಸಮವಾಗಿ ಒಡೆದು, ಎರಡೂ ಮಕ್ಕಳು ಸೀಮ್ ಕೋಶಗಳಾಗಿಯೇ ನಿಲ್ಲುವುದರಿಂದ ಸಂಖ್ಯೆ 16ಕ್ಕೆ ಏರುತ್ತದೆ. ತನ್ನನ್ನು ಉಳಿಸಿಕೊಂಡು ಬೇರೆ ಬಗೆಯ ಕೋಶಗಳನ್ನೂ ಕೊಡುವ ಈ ಗುಣದಿಂದಾಗಿ ಇವನ್ನು ಆಕರಕೋಶಗಳೆಂದು ಗಣಿಸುವುದು ವಾಡಿಕೆ. ಕನ್ನಡದಲ್ಲಿ ಪ್ರಚಾರದಲ್ಲಿರುವ ‘ಕಾಂಡಕೋಶ’ ಎಂಬ ಪದ ಗಿಡದ ಕಾಂಡವನ್ನು ನೆನಪಿಗೆ ತರುತ್ತದೆ. ಹೆಕೆಲ್ಲನು 1868ರಲ್ಲಿ ಜರ್ಮನ್ ಭಾಷೆಯಲ್ಲಿ ಮೂಲಪದವನ್ನು ಬಳಸಿದಾಗ ಅವನ ಮನಸ್ಸಿನಲ್ಲಿದ್ದುದು ವಂಶವೃಕ್ಷ. ಆದುದರಿಂದ ‘ಆಕರಕೋಶ’ ಎಂಬುದನ್ನೇ ನಾವು ಇಟ್ಟುಕೊಂಡಿದ್ದೇವೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಪ್ರೌಢಾವಸ್ಥೆಯಲ್ಲಿ ಸೀಮ್ ಕೋಶಗಳು ಒಂದರೊಡನೊಂದು ಬೆಸೆದುಕೊಂಡು ವಿಭಜನೆಯನ್ನು ನಿಲ್ಲಿಸಿಬಿಡುತ್ತವೆ. ಜೀವಮಾನವಿಡೀ ಹೊಸ ಕೋಶಗಳನ್ನು ಒದಗಿಸುವ ನಮ್ಮ ಅಸ್ಥಿಮಜ್ಜೆಯ ಆಕರಕೋಶಗಳೊಡನೆ ಇವನ್ನು ಸಮೀಕರಿಸುವುದು ಯುಕ್ತವಲ್ಲ.

ಇನ್ನು ಮೊದಲನೆಯ ವಿವರಣೆಗೆ ಬರೋಣ. ಯಾವ ಅವಸ್ಥೆಯಲ್ಲಿ ಯಾವ ಬಗೆಯ ವಿಭಜನೆ ಎಂಬುದನ್ನು ನಿಯಮಿಸುವ ಜೀನುಗಳಿವೆಯೆಂದು 1981 ಮತ್ತು 1984ರ ಪ್ರಬಂಧಗಳಿಂದ ತಿಳಿದುಬಂದಿತು. ಲಿನ್-4 ಕೆಟ್ಟರೆ ಹುಳು ಮೊದಲನೆಯ ಅವಸ್ಥೆಯ ವಿಭಜನೆಗಳನ್ನೇ ಪುನರಾವರ್ತಿಸುತ್ತದೆ. ಲಿನ್-14 ಕೆಟ್ಟರೆ ಆ ಅವಸ್ಥೆಯನ್ನೇ ಹಾರಿ ಮುಂದೆ ಹೋಗುತ್ತದೆ. ಲಿನ್-28 ಕೆಟ್ಟರೆ ಎರಡನೆಯ ಅವಸ್ಥೆಯ ಸಮವಿಭಜನೆ ತಪ್ಪಿ ಕೋಶಗಳ ಸಂಖ್ಯೆ ಕುಗ್ಗುತ್ತದೆ. 1993ರಲ್ಲಿ ಆಂಬ್ರೋಸ್ ಮತ್ತು ರವ್‌ಕುನ್ ಅವರ ಪ್ರಯೋಗಶಾಲೆಗಳು ಲಿನ್-4ರಿಂದ ದೊರೆಯುವುದು ಪ್ರೋಟೀನಲ್ಲ, ಸುಮಾರು 22 ಅಕ್ಷರಗಳ ಕಿರಿಯ ಆರ್‌ಎನ್‌ಎ ಎಂದೂ, ಅದು ಲಿನ್-14ರ ಸಂದೇಶಕ್ಕೆ ಅಂಟಿಕೊಂಡು ಅದನ್ನು ಅಡಗಿಸುವುದೆಂದೂ ತೋರಿಸಿದುವು. 2000ದಲ್ಲಿ ಬೆಳಕಿಗೆ ಬಂದ ಲೆಟ್-7 ಮಾನವನಲ್ಲಿಯೂ ಇರುವುದು ಗೊತ್ತಾದ ಮೇಲೆ ಈ ಹುಳುವಿನ ವಿಷಯ ಜೀವಶಾಸ್ತ್ರದ ಮಧ್ಯಕ್ಕೆ ಬಂದಿತು. 2024ರ ನೊಬೆಲ್ ಪಾರಿತೋಷಕ ಇವರಿಬ್ಬರಿಗೂ ಸಂದಿತು.

ಈ ಜೀನುಗಳನ್ನು ‘ಗಡಿಯಾರ’ವೆಂದು ವರ್ಣಿಸುವುದು ಪಠ್ಯಗ್ರಂಥಗಳಲ್ಲಿ ರೂಢಿಯಾಗಿದೆ. ಈ ಉಪಮಾನ ವಿದ್ಯಾರ್ಥಿಗಳ ದಾರಿತಪ್ಪಿಸುವಂತಹುದು ಎಂದು ನಮ್ಮ ಅಭಿಪ್ರಾಯ. ಗಡಿಯಾರ ಹೊರಗಣ ಸ್ಥಿತಿಗತಿಗಳನ್ನು ಲೆಕ್ಕಿಸದೆ ಗಂಟೆಗಳನ್ನು ಎಣಿಸುತ್ತದೆ. ಹುಳುವಾದರೋ ಮೊಟ್ಟೆಯೊಡೆದಾಗ ಆಹಾರವಿಲ್ಲದಿದ್ದರೆ ಮೊದಲನೆಯ ಅವಸ್ಥೆಯಲ್ಲಿಯೇ ತಡೆದು ನಿಂತು, ಆಹಾರ ಸಿಕ್ಕಿದಾಗ ಮುಂದುವರಿಯುತ್ತದೆ. ಎಂದಮೇಲೆ ಇಲ್ಲಿ ಕಾಯ್ದುಕೊಂಡು ಬಂದಿರುವುದು ಕಾಲವನ್ನಲ್ಲ, ಕ್ರಮವನ್ನು. ಇನ್ನೂ ಬಲವಾದ ಸಾಕ್ಷ್ಯ 1991ರಲ್ಲಿ ಲಿಯು ಮತ್ತು ಆಂಬ್ರೋಸ್ ಕಂಡುದು. ಕಷ್ಟಕಾಲದಲ್ಲಿ ಹುಳು ಡಾಯರ್ ಎಂಬ ಸುಪ್ತಾವಸ್ಥೆಗೆ ಹೋಗುವುದುಂಟು. ಲಿನ್-14 ಅಥವಾ ಲಿನ್-28 ಕೆಟ್ಟಿರುವ ಹುಳುಗಳು ಈ ಅವಸ್ಥೆಯನ್ನು ಹಾಯ್ದುಬಂದರೆ ಅವುಗಳ ಮುಂದಿನ ಹೊರಪೊರೆಯ ಬೆಳೆವಣಿಗೆ ಸರಿಹೋಗುತ್ತದೆ. ಒಂದೇ ದೋಷ ಒಂದು ದಾರಿಯಲ್ಲಿ ವಿಕಾರವನ್ನು ತಂದು, ಇನ್ನೊಂದು ದಾರಿಯಲ್ಲಿ ಏನನ್ನೂ ಮಾಡದೆ ಬಿಡುವುದಾದರೆ, ಆ ಜೀನನ್ನು ಗಡಿಯಾರದ ಮುಳ್ಳು ಎನ್ನುವುದೆಂತು?

ಎರಡನೆಯದು ‘ಸ್ಥಿರಸಂಖ್ಯೆ’ಯ ಮಾತು. ಹದಿನಾರು ಎಂಬುದು ನಿರಪವಾದ ನಿಯಮವೆಂಬಂತೆ ನಾವು ಬೋಧಿಸುತ್ತೇವೆ. ಈ ಸಂಖ್ಯೆ ದೊರೆತುದು ಬಹುಮಟ್ಟಿಗೆ ಇಂಗ್ಲೆಂಡಿನ ಬ್ರಿಸ್ಟಲ್ ಮೂಲದ ಎನ್-2 ಎಂಬ ಒಂದೇ ತಳಿಯಲ್ಲಿ, 20 ಡಿಗ್ರಿ ಉಷ್ಣತೆಯಲ್ಲಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಬಾರ್ಕೂಲಾಸ್ ಬಳಗದವರು 2020ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಉಷ್ಣತೆಯನ್ನು 25 ಡಿಗ್ರಿಗೆ ಏರಿಸಿದರೆ ದೋಷರಹಿತ ಹುಳುಗಳಲ್ಲಿಯೂ ಕೆಲವಕ್ಕೆ ಸೀಮ್ ಕೋಶಗಳು ಹೆಚ್ಚಾಗುತ್ತವೆ. ಕೊನೆಯ ಮರಿಯವಸ್ಥೆಯಲ್ಲಿ ಅಸಮವಾಗಿರಬೇಕಾದ ವಿಭಜನೆ ಕೆಲವೆಡೆ ಸಮವಾಗಿಬಿಡುವುದೇ ಇದಕ್ಕೆ ಕಾರಣ. ಬಯಲಿನಿಂದ ತಂದ ತಳಿಗಳು 20 ಡಿಗ್ರಿಯಲ್ಲಿ ಸರಾಸರಿ ಒಂದೇ ಆಗಿದ್ದರೂ, ಬಿಸಿಗೆ ಒಂದೊಂದು ಒಂದೊಂದು ಬಗೆಯಾಗಿ ಸ್ಪಂದಿಸಿದುವು. ಆದುದರಿಂದ ನಿಯತತೆ ಎಂಬುದು ಜೀವಿಯ ನಿರಪೇಕ್ಷ ಗುಣವಲ್ಲ. ಅದು ಇಂತಿಷ್ಟು ಎಲ್ಲೆಗಳೊಳಗೆ ಸಾಧಿತವಾದ ಫಲ.

ಸರಾಸರಿಯನ್ನು ನೆಚ್ಚುವುದರಲ್ಲಿರುವ ಅಪಾಯವೂ ಇಲ್ಲಿ ಸ್ಪಷ್ಟವಾಗುತ್ತದೆ. ಹತ್ತು ಹುಳುಗಳಲ್ಲಿ ಐದಕ್ಕೆ 14, ಐದಕ್ಕೆ 18 ಕೋಶಗಳಿವೆಯೆಂದು ಊಹಿಸಿಕೊಳ್ಳೋಣ. ಸರಾಸರಿ 16ಯೇ, ಸರಿಯಾದ ಹುಳು ಮಾತ್ರ ಒಂದೂ ಇಲ್ಲ. ಇದು ಬರಿಯ ತರ್ಕದ ಆಟವಲ್ಲ. ಲಿನ್-22 ಎಂಬ ಜೀನು ಕೆಟ್ಟ ಹುಳುಗಳನ್ನು ಅದೇ ಬಳಗದವರು 2017ರಲ್ಲಿ ಪರೀಕ್ಷಿಸಿದಾಗ, ಅಸಮವಿಭಜನೆ ಯಾದೃಚ್ಛಿಕವಾಗಿ ಸಮವಾಗುವುದೂ, ಸಮವಿಭಜನೆ ಅಸಮವಾಗುವುದೂ ಕಂಡುಬಂದಿತು. ಒಂದು ಬಗೆಯ ತಪ್ಪು ಸಂಖ್ಯೆಯನ್ನು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಇಂತಹ ಸಂದರ್ಭದಲ್ಲಿ ಚದರಿಕೆಯನ್ನು ಅಳೆಯದವನು ರೋಗವನ್ನೇ ಕಾಣಲಾರ.

ಮೂರನೆಯದಾಗಿ, ಇಂತಹ ಜೀನನ್ನು ‘ನಿಯತತೆಯ ಕಾವಲುಗಾರ’ ಎನ್ನುವ ನಿರೂಪಣೆ. ತೆಗೆದರೆ ಕೆಡುತ್ತದೆ, ಆದುದರಿಂದ ಇದ್ದಾಗ ಅದು ಕಾಯುತ್ತಿತ್ತು ಎಂಬುದು ಇದರ ಹಿಂದಿನ ವಾದ. ಕಡೆಗೀಲು ಕಳಚಿದರೆ ಬಂಡಿಯ ಚಕ್ರ ಬಿದ್ದುಹೋಗುವುದು ನಿಜ. ಆದರೆ ಚಕ್ರದ ನೇರವಾದ ಓಟಕ್ಕೆ ಅಚ್ಚು, ಗುಂಬ, ಪಟ್ಟಿಗಳೆಲ್ಲವೂ ಕಾರಣ. ಲಿನ್-22ರ ಕೆಲಸ ಇನ್ನೂ ಇದೆ: ಅದು ಕೆಟ್ಟರೆ ಕೆಲವು ಸೀಮ್ ಕೋಶಗಳು ತಮ್ಮದಲ್ಲದ ನರಕೋಶಗಳನ್ನು ಹುಟ್ಟಿಸುವುವೆಂದು 1997ರಲ್ಲಿಯೇ ತಿಳಿದಿತ್ತು. ಮಗಳುಕೋಶಗಳಲ್ಲಿ ಹಿಂದುಮುಂದಿನ ಭೇದವನ್ನು ಕಲ್ಪಿಸುವ ವಿಂಟ್ ಸಂಕೇತಮಾರ್ಗವನ್ನು ಹತೋಟಿಯಲ್ಲಿಡುವುದರ ಮೂಲಕವೇ ಅದು ಸಂಖ್ಯೆಯನ್ನು ಕಾಪಾಡುತ್ತದೆ. ಬೇರೆಡೆ ಒಂದೇ ಕೆಲಸಕ್ಕೆ ಹಲವು ಕೈಗಳಿವೆ. ಲೆಟ್-7ರ ಬಂಧುಗಳಾದ ಮೂರು ಕಿರಿಯ ಆರ್‌ಎನ್‌ಎಗಳು ಎರಡನೆಯ ಅವಸ್ಥೆಯಿಂದ ಮೂರನೆಯದಕ್ಕೆ ದಾಟಿಸುತ್ತವೆಂದು 2005ರಲ್ಲಿ ಗೊತ್ತಾಯಿತು. ಮೂರೂ ಇಲ್ಲವಾದಾಗಲೇ ದೋಷ ಪೂರ್ಣವಾಗಿ ಪ್ರಕಟವಾಗುತ್ತದೆ. ಹೀಗೆ ಕ್ರಮವನ್ನು ಗೊತ್ತುಪಡಿಸುವುದು, ಹಿಂದುಮುಂದನ್ನು ಬೇರ್ಪಡಿಸುವುದು, ಒಂದು ತಪ್ಪಿದರೆ ಇನ್ನೊಂದು ಒದಗುವುದು ಎಂಬ ಮೂರು ಏರ್ಪಾಟುಗಳು ಒಟ್ಟುಗೂಡಿದಾಗ ಏಕರೂಪತೆ ಸಾಧ್ಯವಾಗುತ್ತದೆ. ನಿಯತತೆಗೆಂದೇ ಮೀಸಲಾದ ಜೀನು ಬೇಕೆಂಬುದು ಇದರಿಂದ ಸಿದ್ಧವಾಗುವುದಿಲ್ಲ.

ಇವು ಕೇವಲ ಶಬ್ದವಿಚಾರವೆಂದು ತಳ್ಳಿಹಾಕಲಾಗದು. ಲಿನ್-28ರ ಮಾನವ ರೂಪ 2007ರಲ್ಲಿ ಸಾಮಾನ್ಯ ಕೋಶಗಳನ್ನು ಆಕರಕೋಶಗಳನ್ನಾಗಿ ಮರಳಿಸಲು ಬಳಸಿದ ನಾಲ್ಕು ಜೀನುಗಳಲ್ಲಿ ಒಂದಾಗಿತ್ತು. ಅದು ಲೆಟ್-7 ಪಕ್ವವಾಗುವುದನ್ನು ತಡೆಯುವುದೆಂದು 2008ರಲ್ಲಿ ತಿಳಿಯಿತು. ಹುಳುವಿನಿಂದ ಕಲಿತುದು ಹೀಗೆ ಚಿಕಿತ್ಸೆಯ ಹೊಸ್ತಿಲಿಗೆ ಬಂದಿರುವಾಗ, ಜೀನಿಗೆ ಆಜ್ಞಾಪಕನ ಪಟ್ಟ ಕಟ್ಟಿ, ಒಂದು ಕೀಲನ್ನು ತಿರುಗಿಸಿದರೆ ಕೋಶ ಹೇಳಿದಂತೆ ಕೇಳುವುದೆಂದು ನಂಬುವುದು ಅಪಾಯಕರ. ಜೀನಿನ ಫಲ ಅದು ವರ್ತಿಸುವ ದಾರಿಯನ್ನೂ, ಉಷ್ಣತೆಯನ್ನೂ, ತಳಿಯನ್ನೂ ಅವಲಂಬಿಸಿದೆ ಎಂಬುದೇ ಈ ಪುಟ್ಟ ಹುಳುವಿನ ಪಾಠ. ಆದುದರಿಂದ ನಮ್ಮ ವಿದ್ಯಾರ್ಥಿಗಳು ಸರಾಸರಿಯ ಪಕ್ಕದಲ್ಲಿ ಚದರಿಕೆಯನ್ನೂ, ಸಂಖ್ಯೆಯ ಪಕ್ಕದಲ್ಲಿ ತಳಿ ಮತ್ತು ಉಷ್ಣತೆಗಳನ್ನೂ ಬರೆದಿಡುವುದನ್ನು ಅಭ್ಯಾಸಮಾಡಿಕೊಳ್ಳಬೇಕು. ಬೆಳೆವಣಿಗೆ ಎಲ್ಲಿ ತಪ್ಪುತ್ತದೆಂಬುದನ್ನು ಎಣಿಸಿದವನಿಗೆ ಮಾತ್ರ ಅದು ಹೇಗೆ ತಪ್ಪದಿರುತ್ತದೆಂಬುದು ತಿಳಿದೀತು.