ಒಂದೆಳೆಯಲ್ಲಿ ತೂಗುವ ಸಂವಿಧಾನ

ಬರೆದವರು ತೀರಿಕೊಂಡು ಮೂರು ವರ್ಷ, ಮೊದಲು ಅಚ್ಚಾಗಿ ಇಪ್ಪತ್ತೆಂಟು ವರ್ಷ ಕಳೆದಿದ್ದ ಪುಸ್ತಕವೊಂದು 2009ರಲ್ಲಿ ಅಮೆಝಾನ್ ಮಾರಾಟ ಪಟ್ಟಿಯ ನೆತ್ತಿಗೇರಿ ಕೂತಿತು. ಹೆಸರು ‘ದ ಫೈವ್ ಥೌಸಂಡ್ ಇಯರ್ ಲೀಪ್’, ಅಂದರೆ ಐದು ಸಾವಿರ ವರ್ಷಗಳ ಜಿಗಿತ. ಬರೆದವರು ಡಬ್ಲ್ಯು. ಕ್ಲಿಯೋನ್ ಸ್ಕೌಸನ್. ಧೂಳು ಕೊಡವಿ ಅದನ್ನು ಮೇಲೆತ್ತಿದವರು ಆ ಜನವರಿಯಲ್ಲಷ್ಟೇ ಫಾಕ್ಸ್ ನ್ಯೂಸ್‌ನಲ್ಲಿ ಕಾರ್ಯಕ್ರಮ ಶುರುಮಾಡಿದ್ದ ಗ್ಲೆನ್ ಬೆಕ್. ಹೊಸ ಆವೃತ್ತಿಗೆ ತಾವೇ ಮುನ್ನುಡಿ ಬರೆದರು, ಕ್ಯಾಮೆರಾದ ಮುಂದೆ ಎತ್ತಿ ಹಿಡಿದು ಓದಿ ಓದಿ ಎಂದರು. ಬಲಪಂಥೀಯ ಟೀ ಪಾರ್ಟಿ ಚಳವಳಿಯ ಕೂಟಗಳಲ್ಲಿ ಅದು ಪಠ್ಯಪುಸ್ತಕವೇ ಆಯಿತು. ಆ ಕೂಟಗಳಲ್ಲಿ ಇವಾಂಜೆಲಿಕಲ್ ಪ್ರಾಟೆಸ್ಟೆಂಟರು ದಂಡಿಯಾಗಿದ್ದರು. ಮಾರ್ಮನರು ಕ್ರೈಸ್ತರೇ ಅಲ್ಲ ಎಂದು ವಾದಿಸುವವರು ಅವರಲ್ಲಿ ಇಂದಿಗೂ ಕಡಿಮೆಯಿಲ್ಲ. ಸ್ಕೌಸನ್ ಮಾರ್ಮನ್, ಬೆಕ್ ಕೂಡ 1999ರಲ್ಲಿ ದೀಕ್ಷಾಸ್ನಾನ ಪಡೆದ ಮಾರ್ಮನ್. ಪುಸ್ತಕ ಮಾತ್ರ ತನ್ನ ಕುಲಗೋತ್ರ ಹೇಳಿಕೊಳ್ಳುವುದಿಲ್ಲ.

ಈ ಪುಸ್ತಕದ ಹಿಂದಿನ ಮಾರ್ಮನ್ ಎಳೆಯನ್ನು ವಿವರಿಸುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ: ‘ಬಿಳಿ ಕುದುರೆ ಭವಿಷ್ಯವಾಣಿ’. ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ 1843ರಲ್ಲಿ ಇದನ್ನು ನುಡಿದರೆಂದು ಬಹುಕಾಲದ ಮೇಲೆ ನೆನಪಿನಿಂದ ಬರೆದಿಟ್ಟ ಪಾಠವಿದೆ. ಕಡೆಗಾಲ ಹತ್ತಿರವಾದಾಗ ಅಮೆರಿಕದ ಸಂವಿಧಾನ ಒಂದೆಳೆ ದಾರದಲ್ಲಿ ತೂಗಾಡುತ್ತದೆ, ರಾಕಿ ಪರ್ವತದ ಕಡೆಯ ಬಿಳಿ ಕುದುರೆ, ಎಂದರೆ ಮಾರ್ಮನರು, ಬಂದು ಉಳಿಸುತ್ತಾರೆ ಎಂಬುದು ಅದರ ಸಾರ. ಮಾರ್ಮನ್ ಚರ್ಚು ಇದನ್ನು ಒಪ್ಪಿಲ್ಲ. 1918ರಲ್ಲಿ ಆಗಿನ ಅಧ್ಯಕ್ಷ ಜೋಸೆಫ್ ಎಫ್. ಸ್ಮಿತ್ ಸಭೆಯಲ್ಲೇ ತಳ್ಳಿಹಾಕಿದರು. 2010ರಲ್ಲಿ ಚರ್ಚು ಇದು ತನ್ನ ಸಿದ್ಧಾಂತವಲ್ಲ ಎಂದು ಮತ್ತೆ ಹೇಳಿತು. ಆದರೆ ಕುದುರೆ ಹೋದರೂ ದಾರ ಉಳಿಯಿತು. ಸಂವಿಧಾನ ದಾರದಲ್ಲಿ ತೂಗುವ ಮಾತನ್ನು ಸ್ಥಾಪಕರ ನಂತರ ಚರ್ಚನ್ನು ಮುನ್ನಡೆಸಿದ ಬ್ರಿಗಮ್ ಯಂಗ್ ಕೂಡ ಆಡಿದ್ದುಂಟು. 1999ರಲ್ಲಿ ಅಧ್ಯಕ್ಷ ಚುನಾವಣೆಗೆ ಹೊರಟಿದ್ದ ಯೂಟಾದ ಸೆನೆಟರ್ ಆರಿನ್ ಹ್ಯಾಚ್ ಬಾಯಲ್ಲೂ ಅದೇ ಮಾತು ಬಂತು. ಬೆಕ್ ಅದನ್ನು ಟೀವಿಗೆ ತಂದರು, ಅಷ್ಟೇ ಕತೆ ಎನ್ನುತ್ತಾರೆ ವ್ಯಾಖ್ಯಾನಕಾರರು.

ಅಷ್ಟೇ ಅಲ್ಲ. ಆ ದಾರದ ಒಂದು ತುದಿಯಲ್ಲಿ ಸ್ಥಾಪಕ ಸ್ಮಿತ್ತರು ಇದ್ದರೆ ಇನ್ನೊಂದು ತುದಿಯಲ್ಲಿರುವ ಬೆಕ್ ಅವರ ವಾರಸುದಾರರೇನಲ್ಲ. ಹೆಚ್ಚುಕಡಿಮೆ ಅವರ ಎದುರಾಳಿ.

1833ರ ನವೆಂಬರಿನಲ್ಲಿ ಮಿಸೌರಿಯ ಜಾಕ್ಸನ್ ಕೌಂಟಿಯಿಂದ ಮಾರ್ಮನರನ್ನು ಗುಂಪುಗಳು ಹೊಡೆದೋಡಿಸಿದವು. ಆ ನೆಲ ಅವರಿಗೆ ಬರಿಯ ಜಮೀನಲ್ಲ, ಕ್ರಿಸ್ತ ಮರಳಿ ಬಂದಾಗ ಹೊಸ ಜೆರುಸಲೇಮ್ ಏಳಬೇಕಾದ ಜಾಗ. ಮುಂದಿನ ತಿಂಗಳೇ ಸ್ಮಿತ್ತರಿಗೆ ಒಂದು ದೇವವಾಣಿಯಾಯಿತು: ಈ ದೇಶದ ಸಂವಿಧಾನವನ್ನು ಬಲ್ಲವರ ಕೈಯಿಂದ ಮಾಡಿಸಿದವನು ನಾನೇ, ನೀವು ನ್ಯಾಯಾಧೀಶರ ಬಳಿ, ರಾಜ್ಯಪಾಲರ ಬಳಿ, ಅಧ್ಯಕ್ಷರ ಬಳಿ ಅಹವಾಲು ಹಿಡಿದು ಹೋಗಿ ಎಂಬ ಆದೇಶ. ಎಲ್ಲ ಕಡೆ ಹೋದರು. ಫಲ ಸಿಗಲಿಲ್ಲ. 1838ರ ಅಕ್ಟೋಬರಿನಲ್ಲಿ ಮಿಸೌರಿಯ ರಾಜ್ಯಪಾಲ ಲಿಲ್ಬರ್ನ್ ಬಾಗ್ಸ್ ಮಾರ್ಮನರನ್ನು ರಾಜ್ಯದಿಂದ ಓಡಿಸಬೇಕು ಇಲ್ಲವೇ ನಿರ್ನಾಮ ಮಾಡಬೇಕು ಎಂಬ ಆಜ್ಞೆಯನ್ನೇ ಹೊರಡಿಸಿದರು. ಅದನ್ನು ಅಧಿಕೃತವಾಗಿ ರದ್ದು ಮಾಡಿದ್ದು 1976ರಲ್ಲಿ! 1839ರಲ್ಲಿ ಸ್ಮಿತ್ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ವ್ಯಾನ್ ಬ್ಯೂರನ್ನರನ್ನು ಕಂಡರು. ರಾಜ್ಯದ ವಿಷಯ, ತಮ್ಮ ಕೈಲಿ ಏನೂ ಇಲ್ಲ ಎಂಬ ಉತ್ತರ ಪಡೆದು ಬರಿಗೈಲಿ ಬಂದರು. ಸಂವಿಧಾನ ಅಪಾಯದಲ್ಲಿದೆ ಎಂದು ಅವರು ಹೇಳುವಾಗ ಅರ್ಥ ಇದು: ಒಂದು ಸಣ್ಣ ಪಂಗಡವನ್ನು ಊರ ಗುಂಪುಗಳೂ ರಾಜ್ಯ ಸರ್ಕಾರವೂ ಸೇರಿ ತುಳಿಯುತ್ತಿದ್ದರೆ ಕೇಂದ್ರ ಕೈಕಟ್ಟಿ ಕೂತಿದೆ.

1844ರಲ್ಲಿ ಸ್ಮಿತ್ ತಾವೇ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಅವರ ಪ್ರಣಾಳಿಕೆಯನ್ನು ಇಂದಿನ ಬಲಪಂಥೀಯ ನಿರೂಪಕರ ಕೈಗೆ ಹೆಸರು ಮರೆಮಾಡಿ ಕೊಟ್ಟರೆ ಏನನ್ನುತ್ತಾರೋ ನೋಡುವ ಆಸೆ ನನಗಿದೆ. ಗುಂಪುಗಳನ್ನು ಅಡಗಿಸಲು ರಾಜ್ಯಪಾಲರು ಕೇಳುವವರೆಗೆ ಕಾಯದೆ ಅಧ್ಯಕ್ಷರೇ ಸೈನ್ಯ ಕಳಿಸುವ ಅಧಿಕಾರ ಬೇಕು. ರಾಷ್ಟ್ರೀಯ ಬ್ಯಾಂಕ್ ಬೇಕು. ಸರ್ಕಾರಿ ಭೂಮಿ ಮಾರಿದ ಹಣದಿಂದ ಒಡೆಯರಿಗೆ ಬೆಲೆ ಕೊಟ್ಟು 1850ರೊಳಗೆ ಗುಲಾಮಗಿರಿ ಮುಗಿಸಬೇಕು. ಸೆರೆಮನೆಗಳನ್ನು ಬಹುಪಾಲು ಖಾಲಿ ಮಾಡಬೇಕು. ಆ ಜೂನ್ 27ರಂದು ಇಲಿನಾಯ್‌ನ ಕಾರ್ತೇಜ್ ಜೈಲಿಗೆ ನುಗ್ಗಿದ ಗುಂಪು ಅವರನ್ನು ಕೊಂದುಹಾಕಿತು.

ದಾರದ ಮಾತು ತಲೆಕೆಳಗಾದದ್ದು ಇಪ್ಪತ್ತನೇ ಶತಮಾನದಲ್ಲಿ. ಇಬ್ಬರ ಪಾತ್ರ ದೊಡ್ಡದು. ಎಜ್ರಾ ಟಾಫ್ಟ್ ಬೆನ್ಸನ್ ಚರ್ಚಿನ ಹನ್ನೆರಡು ಅಪೊಸ್ತಲರಲ್ಲಿ ಒಬ್ಬರಾಗಿದ್ದುಕೊಂಡೇ 1953ರಿಂದ 1961ರವರೆಗೆ ಐಸೆನ್‌ಹೋವರ್ ಸಂಪುಟದಲ್ಲಿ ಕೃಷಿ ಮಂತ್ರಿ. ಆಮೇಲೆ ಅವರು ಬಾಯ್ತುಂಬ ಹೊಗಳಿದ್ದು ಕಟ್ಟಾ ಕಮ್ಯುನಿಸ್ಟ್-ವಿರೋಧಿ ಜಾನ್ ಬರ್ಚ್ ಸೊಸೈಟಿಯನ್ನು. ಅದರ ಸ್ಥಾಪಕ ರಾಬರ್ಟ್ ವೆಲ್ಚ್ ಐಸೆನ್‌ಹೋವರ್ ಅವರನ್ನೇ ಕಮ್ಯುನಿಸ್ಟರ ಏಜೆಂಟ್ ಎಂದು ಬರೆದವರು. ತಾವು ಎಂಟು ವರ್ಷ ಕೆಲಸ ಮಾಡಿದ ಅಧ್ಯಕ್ಷರ ಬಗ್ಗೆ ಈ ಮಾತು ಬೆನ್ಸನ್ನರನ್ನು ಹಿಂದೆ ಸರಿಸಲಿಲ್ಲ. ಮಾರ್ಮನ್ ಗ್ರಂಥದಲ್ಲಿ ಗೇಡಿಯಾಂಟನ್ ದರೋಡೆಕೋರರೆಂಬ ಗುಪ್ತಕೂಟ ಒಂದು ನಾಗರಿಕತೆಯನ್ನೇ ಒಳಗಿನಿಂದ ತಿಂದುಹಾಕುತ್ತದೆ. ಕಡೆಗಾಲದಲ್ಲಿ ಅಂಥವರು ಮತ್ತೆ ಏಳುತ್ತಾರೆ ಎಂಬ ಎಚ್ಚರಿಕೆಯೂ ಅಲ್ಲಿದೆ. ಬೆನ್ಸನ್ ಆ ಕೂಟಕ್ಕೆ ಮುಖ ಕೊಟ್ಟರು: ಕಮ್ಯುನಿಸಂ, ಅದರ ಜೊತೆಗೆ ಕಲ್ಯಾಣ ರಾಜ್ಯ, ನಾಗರಿಕ ಹಕ್ಕುಗಳ ಚಳವಳಿ ಕೂಡ. ಮಿಸೌರಿಯಲ್ಲಿ ಕೇಂದ್ರ ಬರಲಿಲ್ಲವೆಂದು ಅತ್ತವರ ಮೊಮ್ಮಕ್ಕಳ ಕಾಲಕ್ಕೆ, ಮಿಸಿಸಿಪ್ಪಿಗೆ ಕೇಂದ್ರ ಬಂದದ್ದೇ ಸಂವಿಧಾನದ ಕೊನೆಯೆನಿಸಿತು.

ಇನ್ನೊಬ್ಬರು ಸ್ಕೌಸನ್. ಎಫ್‌ಬಿಐಯಲ್ಲಿ ಕೆಲಸ, ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಪಾಠ, 1956ರಿಂದ ನಾಲ್ಕು ವರ್ಷ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಮುಖ್ಯಸ್ಥಿಕೆ. ಅಲ್ಲಿಂದ ಕಿತ್ತುಹಾಕಿದ ಮೇಯರ್ ಬ್ರ್ಯಾಕನ್ ಲೀ ಎಡಪಂಥೀಯರೇನಲ್ಲ, ಕಟ್ಟಾ ಸಂಪ್ರದಾಯವಾದಿ. ಸ್ಕೌಸನ್ 1970ರಲ್ಲಿ ‘ದ ನೇಕೆಡ್ ಕ್ಯಾಪಿಟಲಿಸ್ಟ್’ ಬರೆದರು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಇತಿಹಾಸಕಾರ ಕ್ಯಾರೊಲ್ ಕ್ವಿಗ್ಲಿ ಅವರ ‘ಟ್ರ್ಯಾಜಿಡಿ ಅಂಡ್ ಹೋಪ್’ ಎಂಬ ಬೃಹದ್ಗ್ರಂಥದ ವಿಮರ್ಶೆ ಎಂಬ ಸೋಗಿನಲ್ಲಿ, ಬ್ಯಾಂಕರುಗಳೂ ಕಮ್ಯುನಿಸ್ಟರೂ ಒಂದೇ ಕೂಟದವರು, ಅದನ್ನು ಒಳಗಿನವನೇ ಒಪ್ಪಿಕೊಂಡಿದ್ದಾನೆ ಎಂಬ ವಾದ. ವಿಶೇಷವೆಂದರೆ ಇದನ್ನು ಎದುರಿಸಿದ್ದು ಮಾರ್ಮನ್ ಬುದ್ಧಿಜೀವಿಗಳೇ ನಡೆಸುವ ‘ಡೈಲಾಗ್’ ಪತ್ರಿಕೆ. 1971ರಲ್ಲಿ ಅದು ಚರ್ಚೆ ಏರ್ಪಡಿಸಿ ಕ್ವಿಗ್ಲಿಯವರನ್ನೇ ಬರೆಯಲು ಕರೆಯಿತು. ತಾವು ಹೇಳದ್ದನ್ನು ತಮ್ಮ ಬಾಯಿಗೆ ತುರುಕಲಾಗಿದೆ ಎಂದು ಅವರು ಖಡಾಖಂಡಿತವಾಗಿ ಬರೆದರು. ಆಕರ ಗ್ರಂಥದ ಲೇಖಕನೇ ಎದ್ದು ಇಲ್ಲವೆಂದ ಮೇಲೆ ವಾದ ಅಲ್ಲಿಗೇ ಸಾಯಬೇಕಿತ್ತು. ಸಾಯಲಿಲ್ಲ; ಬೆಕ್ ಅವರ ಟೀವಿ ಕಾರ್ಯಕ್ರಮದ ಕಪ್ಪುಹಲಗೆಯ ಮೇಲೆ ಮರುಹುಟ್ಟು ಪಡೆಯಿತು.

ಈಗ ಆ ‘ಜಿಗಿತ’ಕ್ಕೆ ಬರೋಣ. 1607ರಲ್ಲಿ ಜೇಮ್ಸ್‌ಟೌನಿಗೆ ಬಂದಿಳಿದವರ ಸಲಕರಣೆಗಳು ಸಾವಿರಾರು ವರ್ಷಗಳ ಹಿಂದಿನವಕ್ಕಿಂತ ಹೆಚ್ಚೇನೂ ಮುಂದುವರಿದಿರಲಿಲ್ಲ, ಇನ್ನೂರು ವರ್ಷಗಳಲ್ಲಿ ಮನುಕುಲ ಐದು ಸಾವಿರ ವರ್ಷಗಳ ದೂರ ಹಾರಿತು, ಕಾರಣ ಅಮೆರಿಕದ ಸಂವಿಧಾನದ 28 ತತ್ವಗಳು ಎಂಬುದು ಪುಸ್ತಕದ ಪ್ರಮೇಯ. ಶೈಲಿ ಸರಳ, ಸಭ್ಯ, ಬೈಗುಳವಿಲ್ಲ. ಹಬೆಯಂತ್ರ, ಯೂರೋಪಿನ ವಿಜ್ಞಾನ, ಗುಲಾಮರ ದುಡಿಮೆ ಇವಕ್ಕೆಲ್ಲ ಈ ಜಿಗಿತದಲ್ಲಿ ಸಲ್ಲಬೇಕಾದ ಪಾಲು ಸಿಕ್ಕಿಲ್ಲ. ಕುತೂಹಲದ ಭಾಗ ಬೇರೆ. ಸಂವಿಧಾನದ ಬೇರನ್ನು ಸ್ಕೌಸನ್ ಪ್ರಾಚೀನ ಇಸ್ರೇಲಿಗೂ ಆಂಗ್ಲೋ-ಸ್ಯಾಕ್ಸನರಿಗೂ ಒಯ್ಯುತ್ತಾರೆ. ಮೋಶೆ ತನ್ನ ಜನರನ್ನು ಹತ್ತು, ಐವತ್ತು, ನೂರು ಮಂದಿಯ ಗುಂಪುಗಳಾಗಿ ವಿಂಗಡಿಸಿ ಒಬ್ಬೊಬ್ಬ ನಾಯಕನನ್ನು ನೇಮಿಸಿದ್ದು ಅವರಿಗೆ ಆದರ್ಶ ಸರ್ಕಾರದ ನಕ್ಷೆ. ಹೊರಗಿನವರಿಗೆ ಇದು ಬೈಬಲ್ ಪಾಠ. 1847ರಲ್ಲಿ ಬ್ರಿಗಮ್ ಯಂಗ್ ಸಾಲ್ಟ್ ಲೇಕ್ ಕಣಿವೆಗೆ ಗಾಡಿಗಳನ್ನು ನಡೆಸಿಕೊಂಡು ಹೋದದ್ದು ಇದೇ ಹತ್ತು, ಐವತ್ತು, ನೂರರ ಲೆಕ್ಕದಲ್ಲಿ ಎಂಬುದು ಪ್ರತಿ ಮಾರ್ಮನ್ ಮಗುವಿಗೂ ಗೊತ್ತು. ಒಂದೇ ಪುಟ, ಎರಡು ಓದು. ಕೊನೆಯ ತತ್ವ, ಇಡೀ ಮನುಕುಲಕ್ಕೆ ಮಾದರಿಯಾಗುವುದು ಅಮೆರಿಕದ ದೈವನಿಯತಿ ಎಂಬುದು, ಅರ್ಥವಾಗಬೇಕಾದರೆ ಹಿಂದೆ ಸೀಯೋನಿನ, ಅಂದರೆ ಆ ಹೊಸ ಜೆರುಸಲೇಮಿನ, ಕನಸು ಇರಬೇಕು. ಆ ಕನಸನ್ನು ತೆಗೆದು ಹಾಕಿದ ಪುಸ್ತಕದಲ್ಲಿ ಉಳಿಯುವುದು ಬರಿ ರಾಷ್ಟ್ರಸ್ತುತಿ.

ಬೆಕ್ ಸೇರಿಸಿದ್ದು ಸಿದ್ಧಾಂತವನ್ನಲ್ಲ, ತುರ್ತನ್ನು. ಸಂಜೆ ಐದಕ್ಕೆ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಮುಂದೆ, ಕೈಯಲ್ಲಿ ಸೀಮೆಸುಣ್ಣ. ವುಡ್ರೋ ವಿಲ್ಸನ್‌ನಿಂದ ಜಾರ್ಜ್ ಸೋರೋಸ್‌ವರೆಗೆ ಬಾಣದ ಗುರುತುಗಳು, ಗಂಟಲು ಕಟ್ಟಿ ಬರುವ ಅಳು. ಒಮ್ಮೆ ‘ಆಲಿಗಾರ್ಕಿ’ ಎಂದು ಇಂಗ್ಲಿಷಿನಲ್ಲಿ ಬರೆಯಲು ಹೋಗಿ ಒಂದಕ್ಷರ ನುಂಗಿ ನಗೆಪಾಟಲಾದದ್ದೂ ಉಂಟು. ಇದನ್ನೆಲ್ಲ ಜೋಸೆಫ್ ಸ್ಮಿತ್ತರ ತಲೆಗೆ ಕಟ್ಟುವುದು ಅನ್ಯಾಯ. ಬೆಕ್ ತಮ್ಮ ಕಂಪನಿಗೆ ಮರ್ಕ್ಯುರಿ ರೇಡಿಯೊ ಆರ್ಟ್ಸ್ ಎಂದು ಹೆಸರಿಟ್ಟಿದ್ದು ಆರ್ಸನ್ ವೆಲ್ಸ್ ಅವರ ನಾಟಕ ತಂಡದ ನೆನಪಿಗೆ. 1938ರಲ್ಲಿ ಮಂಗಳ ಗ್ರಹದವರು ದಾಳಿಯಿಟ್ಟರೆಂಬ ರೇಡಿಯೊ ನಾಟಕ ಆಡಿ ಕೇಳುಗರನ್ನು ಬೆಚ್ಚಿಬೀಳಿಸಿದ ತಂಡ ಅದು. ಬೆಕ್ ಅವರ ಪ್ರಳಯದಲ್ಲಿ ಪ್ರವಾದಿಯ ಪಾಲೆಷ್ಟೋ ವೆಲ್ಸ್ ಪಾಲೂ ಅಷ್ಟೇ ಇರಬೇಕು.

ಮಾರ್ಮನ್ ಕಡೆಗಾಲಕ್ಕೂ ಇವಾಂಜೆಲಿಕಲ್ ಕಡೆಗಾಲಕ್ಕೂ ಒಂದು ಮುಖ್ಯ ಭೇದವಿದೆ. ಎರಡನೆಯವರಲ್ಲಿ ಬಹಳ ಮಂದಿ, ಸಂಕಟಕಾಲಕ್ಕೆ ಮುಂಚೆ ತಮ್ಮನ್ನು ಮೋಡಗಳಲ್ಲಿ ಮೇಲೆತ್ತಿಕೊಳ್ಳಲಾಗುತ್ತದೆ ಎಂದು ನಂಬಿದವರು. ಮಾರ್ಮನರಿಗೆ ಆ ರಿಯಾಯಿತಿ ಇಲ್ಲ. ನೆಲದ ಮೇಲೇ ಇರಬೇಕು, ನೆರೆಯವರ ಜೊತೆ ಬದುಕಬೇಕು, ಸೀಯೋನ್ ಕಟ್ಟಬೇಕು. ಆದ್ದರಿಂದಲೇ ಮನೆಯಲ್ಲಿ ಆಹಾರ ಸಂಗ್ರಹ. ನೋಹನ ಕಾಲದವರಿಗೆ ನಾವೆ ಹತ್ತುವುದು ಎಷ್ಟು ಅಗತ್ಯವಿತ್ತೋ ಇದೂ ಅಷ್ಟೇ ಎಂಬರ್ಥದ ಮಾತನ್ನು ಬೆನ್ಸನ್ನರೇ ಹೇಳಿದ್ದರು. ಗೋಧಿ, ಓಟ್ಸ್, ಹಾಲಿನ ಪುಡಿ, ಹುರುಳಿಯ ಜಾತಿಯ ಕಾಳುಗಳನ್ನು ದೊಡ್ಡ ಡಬ್ಬಗಳಲ್ಲಿ ಮಾರುವ ಕೇಂದ್ರಗಳನ್ನು ಚರ್ಚೇ ನಡೆಸುತ್ತದೆ. ಆದರೆ ಈ ಡಬ್ಬದ ಅಕ್ಕಪಕ್ಕ ಇನ್ನೆರಡು ಸಂಗತಿಗಳಿವೆ. ತಿಂಗಳಿಗೊಂದು ಭಾನುವಾರ ಎರಡು ಹೊತ್ತಿನ ಊಟ ಬಿಟ್ಟು ಅದರ ಹಣವನ್ನು ಬಡವರಿಗೆ ಕೊಡುವ ಪದ್ಧತಿ. ಬಿಷಪ್ಪರ ಚೀಟಿ ಹಿಡಿದು ಹೋದ ಕಷ್ಟದ ಕುಟುಂಬಕ್ಕೆ ದಿನಸಿ ಕೊಡುವ ಉಗ್ರಾಣ. 2007ರಲ್ಲಿ ಚರ್ಚು ಹಂಚಿದ ಕೈಹೊತ್ತಿಗೆ ಮೂರು ತಿಂಗಳ ಊಟದಿಂದ ಮೆಲ್ಲಗೆ ಶುರುಮಾಡಿ, ಅತಿಗೆ ಹೋಗಬೇಡಿ, ಸಾಲ ಮಾಡಿ ತುಂಬಬೇಡಿ ಎಂದು ಹೇಳಿತು.

ಬೆಕ್ ಅವರ ಕಾರ್ಯಕ್ರಮದ ನಡುವೆ ಬಂದದ್ದು ಚಿನ್ನದ ನಾಣ್ಯದ ಜಾಹೀರಾತು, ತುರ್ತು ಊಟದ ಪೊಟ್ಟಣದ ಜಾಹೀರಾತು. ಭಯ ಮೊದಲು, ಸರಕು ಆಮೇಲೆ. ಉಪವಾಸವೂ ಇಲ್ಲ, ಉಗ್ರಾಣವೂ ಇಲ್ಲ, ನೆರೆಯವನಂತೂ ಚಿತ್ರದಲ್ಲೇ ಇಲ್ಲ. ಆತ ಬರುವುದಾದರೆ ನಮ್ಮ ಗೋಧಿ ಕದಿಯಲು ಬರುವವನಾಗಿ. ಈ ವಿಮರ್ಶೆಯಲ್ಲಿ ಬೆಕ್ ಮೇಲಿನ ನನ್ನ ಮುಖ್ಯ ಆಕ್ಷೇಪ ಇದು: ಅವರು ತಮ್ಮ ಧರ್ಮವನ್ನು ರಾಜಕೀಯಕ್ಕೆ ತಂದರೆಂದಲ್ಲ, ಅದರ ದುಬಾರಿ ಭಾಗವನ್ನು ಮನೆಯಲ್ಲೇ ಬಿಟ್ಟು ಬಂದರೆಂದು.

ಚರ್ಚಿನ ಒಳಗೆ ಲಗಾಮು ಇದ್ದೇ ಇತ್ತು. ಬೆನ್ಸನ್ನರ ಭಾಷಣಗಳು ಮಿತಿಮೀರಿದಾಗ, 1963ರ ಕೊನೆಗೆ, ಅವರನ್ನು ಯೂರೋಪಿನ ಉಸ್ತುವಾರಿಗೆ ಕಳಿಸಿದರು. ಬಾಯಿಗೆ ಬೀಗ ಹಾಕಲು ಕಂಡುಕೊಂಡ ಉಪಾಯವೆಂದೇ ಆಗ ಬಹುಮಂದಿ ಅದನ್ನು ಓದಿದರು. 1979ರಲ್ಲಿ ಸ್ಕೌಸನ್ನರ ಫ್ರೀಮೆನ್ ಇನ್‌ಸ್ಟಿಟ್ಯೂಟಿನ ಪ್ರಚಾರಕ್ಕೆ ಚರ್ಚಿನ ವೇದಿಕೆ ಬಳಸಕೂಡದೆಂದು ಸುತ್ತೋಲೆ ಹೋಯಿತು. 2016ರಲ್ಲಿ ಆರಿಗನ್ನಿನ ಮಲ್ಹರ್ ವನ್ಯಧಾಮವನ್ನು ಬಂದೂಕು ಹಿಡಿದು ಆಕ್ರಮಿಸಿದವರು ಮಾರ್ಮನ್ ಗ್ರಂಥದ ಸೇನಾನಿ ಕ್ಯಾಪ್ಟನ್ ಮೊರೋನಿಯ ಹೆಸರೆತ್ತಿದಾಗ, ಗ್ರಂಥದಲ್ಲಿ ಇದಕ್ಕೆ ಆಧಾರವಿಲ್ಲವೆಂದು ಚರ್ಚು ಕೂಡಲೇ ಖಂಡಿಸಿತು. ಆದರೂ 2021ರ ಜನವರಿ 6ರಂದು ವಾಷಿಂಗ್ಟನ್ನಿನ ಜಂಗುಳಿಯಲ್ಲಿ ಮೊರೋನಿ ವೇಷದವನೊಬ್ಬ ಕಾಣಿಸಿಕೊಂಡ. ಟೀವಿಗೆ ಬಿಷಪ್ಪರಿಲ್ಲ.

ಇಷ್ಟರಿಂದ ಮಾರ್ಮನರೆಲ್ಲ ಹೀಗೆ ಎಂದುಕೊಳ್ಳಬಾರದು. ಬೆಕ್ ಫಾಕ್ಸ್‌ನಲ್ಲಿ ಮೆರೆದ ವರ್ಷಗಳಲ್ಲೇ ಸೆನೆಟ್ಟಿನ ಬಹುಮತದ ನಾಯಕ, ಒಬಾಮ ಅವರ ಆರೋಗ್ಯ ಮಸೂದೆಯನ್ನು ಸೆನೆಟ್ಟಿನಲ್ಲಿ ಪಾಸು ಮಾಡಿಸಿದ ಹ್ಯಾರಿ ರೀಡ್ ಕೂಡ ನಿಷ್ಠಾವಂತ ಮಾರ್ಮನ್. ನಮ್ಮ ಬೆಂಗಳೂರಿನಲ್ಲೂ ಅವರ ಸಭೆಗಳಿವೆ. 2018ರಲ್ಲಿ ಘೋಷಣೆಯಾದ ದೇವಾಲಯಕ್ಕೆ 2020ರ ಡಿಸೆಂಬರಿನಲ್ಲಿ ಭೂಮಿಪೂಜೆಯಂಥ ವಿಧಿಯೂ ಆಯಿತು. ಅಲ್ಲಿನವರಿಗೆ ಅಮೆರಿಕದ ಸಂವಿಧಾನ ತೂಗುವ ದಾರದ ಚಿಂತೆ ಯಾಕಿರಬೇಕು? 2021ರ ಏಪ್ರಿಲಿನಲ್ಲಿ, ಆಗ ಹಿರಿಯ ಅಪೊಸ್ತಲರಾಗಿದ್ದ, ಹಿಂದೆ ಯೂಟಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಡಾಲಿನ್ ಓಕ್ಸ್, ಸಂವಿಧಾನ ದೈವಪ್ರೇರಿತವೇ ಆದರೂ ಅದರ ಪ್ರತಿ ಮಾತೂ ದೇವರು ಬರೆಸಿದ್ದಲ್ಲ, ಯಾವ ಪಕ್ಷವೂ ಅದರ ಗುತ್ತಿಗೆ ಹಿಡಿದಿಲ್ಲ ಎಂಬರ್ಥದಲ್ಲಿ ಮಾತಾಡಿದರು. ಬೆಕ್ ಅವರ ಕಪ್ಪುಹಲಗೆಗೆ ಇದಕ್ಕಿಂತ ಒಳ್ಳೆಯ ಉತ್ತರ ಹೊರಗಿನ ಯಾವ ವಿಮರ್ಶಕನಿಂದಲೂ ಬಂದಿಲ್ಲ.

ರಾಜ್ಯಶಾಸ್ತ್ರವಾಗಿ ಸ್ಕೌಸನ್ನರ ಪುಸ್ತಕ ದುರ್ಬಲ, ಇತಿಹಾಸವಾಗಿ ನಂಬಲರ್ಹವಲ್ಲ. ಅಮೆರಿಕದ ಬಲಪಂಥೀಯ ಮಾತಿನ ಧಾಟಿ ಎಲ್ಲಿಂದ ಬಂತೆಂದು ತಿಳಿಯಲು ಅದನ್ನು ಓದಲೇಬೇಕೆನ್ನುವವರು ಅದಕ್ಕೆ ಮುಂಚೆ ಸ್ಮಿತ್ತರ 1844ರ ಪ್ರಣಾಳಿಕೆಯನ್ನೂ ‘ಡೈಲಾಗ್’ನಲ್ಲಿ ಬಂದ ಕ್ವಿಗ್ಲಿಯವರ ಉತ್ತರವನ್ನೂ ಓದಿಕೊಳ್ಳಿ. ಎರಡೂ ಚಿಕ್ಕವು, ಎರಡೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ.