ಕೇಳುವ ಕಿವಿ, ತೂಗುವ ಮಾತು

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಣ್ಣಿನ ವ್ಯಾಪಾರಿ ಒಬ್ಬರೊಡನೆ ದಖನಿ, ಮತ್ತೊಬ್ಬರೊಡನೆ ತಮಿಳು, ಮೂರನೆಯವರೊಡನೆ ಕನ್ನಡ ಮಾತಾಡಿ ಚೌಕಾಸಿ ಮುಗಿಸುತ್ತಾನೆ. ಎದುರಿನವರ ಮನಸ್ಸು ಅರಿತು ಮಾತಾಡುವ ಈ ಜಾಣ್ಮೆಯನ್ನೇ ದೇಶದ ಪರವಾಗಿ ಪಳಗಿಸುವುದು ರಾಜತಾಂತ್ರಿಕರ ತರಬೇತಿ.

ವಿದೇಶಾಂಗ ಸೇವೆಗೆ ಆಯ್ಕೆಯಾದವರು ಮೊದಲು ಮಸ್ಸೂರಿಯಲ್ಲಿ ಬೇರೆ ಸೇವೆಗಳವರ ಜೊತೆ ಕಲಿಯುತ್ತಾರೆ. ಆಮೇಲೆ ದೆಹಲಿಯ ವಿದೇಶಾಂಗ ಸೇವಾ ಸಂಸ್ಥೆ. 1986ರಲ್ಲಿ ಶುರುವಾದ ಅದಕ್ಕೆ 2020ರಿಂದ ಮಾಜಿ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರ ಹೆಸರು. ಅಲ್ಲಿ ಕಾನೂನು, ವ್ಯಾಪಾರ, ಶಿಷ್ಟಾಚಾರದ ಪಾಠ. ನಡುವೆ ದೇಶ ಸುತ್ತಾಟ, ಸೈನಿಕರೊಡನೆ ಕೆಲವು ದಿನ. ನನಗೆ ತುಂಬ ಹಿಡಿಸುವುದು ಭಾಷೆಯ ಹಂತ. ಚೀನಿಯೋ ಅರಬ್ಬಿಯೋ ರಷ್ಯನ್ನೋ, ಒಂದು ವಿದೇಶಿ ಭಾಷೆ ಕಲಿತು ಪರೀಕ್ಷೆ ಪಾಸಾಗಲೇಬೇಕು. ಪರರ ಭಾಷೆಯಲ್ಲಿ ತಡವರಿಸಿದವರಿಗೆ ವಿನಯ ತಾನಾಗಿ ಬರುತ್ತದೆ.

ಈ ಹಾದಿಯಲ್ಲಿ ನಡೆದವರಲ್ಲಿ ನಮ್ಮ ನಾಡಿನ ನಂಟಿದ್ದವರೂ ಇದ್ದಾರೆ. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ ನಿರುಪಮಾ ರಾವ್ 1973ರಲ್ಲಿ ಸೇವೆಗೆ ಸೇರಿ, ಚೀನಾಕ್ಕೆ ಭಾರತದ ಮೊದಲ ಮಹಿಳಾ ರಾಯಭಾರಿಯಾದರು, 2009ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾದರು. ಹೆಣ್ಣುಮಕ್ಕಳಿಗೆ ಆ ದಾರಿ ತೆರೆದವರು ಕೊಡಗಿನ ಸಿ.ಬಿ. ಮುತ್ತಮ್ಮ, ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದ ಹೆಣ್ಣನ್ನು ಕೆಲಸ ಬಿಡಿಸಬಹುದೆಂಬಂಥ ನಿಯಮಗಳನ್ನು ಅವರು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ತಾರತಮ್ಯವನ್ನು ಖಂಡಿಸಿದರು. ಮುತ್ತಮ್ಮ 2009ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ತರಬೇತಿ ಮಾತಿನ ಹದ ಕಲಿಸುತ್ತದೆ; ಎಲ್ಲಿ ಮಣಿಯಬಾರದೆಂಬುದನ್ನು ಮುತ್ತಮ್ಮನಂಥವರ ಬದುಕು ಕಲಿಸುತ್ತದೆ. ಬೆಂಗಳೂರಿನ ಹಲಸೂರು, ಕೆ.ಆರ್. ಪುರದ ಮಕ್ಕಳಿಗೆ ನಾಲ್ಕು ಭಾಷೆ ಬೀದಿಯಲ್ಲೇ ಸಿಗುತ್ತವೆ. ಈ ಸೇವೆಯ ಬಾಗಿಲು ತಮಗೂ ತೆರೆದಿದೆ ಎಂದು ಅವರಿಗೆ ಶಾಲೆಯಲ್ಲೇ ಹೇಳಬೇಕು.