ಕತ್ತಲೆಯಲ್ಲಿ ಕೈ ಕಂಡದ್ದು

ವ್ಯಾಸಭಾರತದ ಆದಿಪರ್ವದಲ್ಲಿ ಒಂದು ಸಣ್ಣ ಪ್ರಸಂಗವಿದೆ. ದ್ರೋಣ ಅಡುಗೆಯವನನ್ನು ಏಕಾಂತದಲ್ಲಿ ಕರೆದು, ಅರ್ಜುನನಿಗೆ ಎಂದೂ ಕತ್ತಲೆಯಲ್ಲಿ ಅನ್ನ ಬಡಿಸಬಾರದು, ಹೀಗೆಂದು ತಾನು ಹೇಳಿದ್ದನ್ನು ಅವನಿಗೆ ತಿಳಿಸಲೂ ಬಾರದು ಎಂದು ಕಟ್ಟಪ್ಪಣೆ ಮಾಡುತ್ತಾನೆ. ಒಂದು ರಾತ್ರಿ ಅರ್ಜುನ ಉಣ್ಣುತ್ತಿರುವಾಗ ಗಾಳಿ ಬೀಸಿ ದೀಪ ಆರುತ್ತದೆ. ಕೈ ಮಾತ್ರ ಎಂದಿನಂತೆ ಬಾಯಿಗೆ ಹೋಗುತ್ತಲೇ ಇರುತ್ತದೆ. ಇದು ಅಭ್ಯಾಸದ ಬಲ ಎಂದು ಅವನಿಗೆ ಹೊಳೆಯುತ್ತದೆ; ಇರುಳಲ್ಲಿ ಬಿಲ್ಲು ಹಿಡಿಯುತ್ತಾನೆ. ಹೆದೆಯ ಸದ್ದು ಕೇಳಿ ಎದ್ದು ಬಂದ ದ್ರೋಣ ಅವನನ್ನು ತಬ್ಬಿಕೊಂಡು, ಲೋಕದಲ್ಲಿ ನಿನಗೆ ಸಮನಾದ ಬಿಲ್ಲುಗಾರ ಇಲ್ಲದಂತೆ ಮಾಡಲು ಯತ್ನಿಸುತ್ತೇನೆ ಎಂದು ಮಾತು ಕೊಡುತ್ತಾನೆ.

ಶಿಷ್ಯನ ಶ್ರದ್ಧೆಗೆ ಸಂದ ಮನ್ನಣೆ ಎಂದು ಈ ಕಥೆಯನ್ನು ಓದುವುದು ರೂಢಿ. ನನಗೆ ಆ ಓದು ಸಾಲದೆನಿಸುತ್ತದೆ. ಆ ರಾತ್ರಿ ಅರ್ಜುನ ಹೊಸದಾಗಿ ಕಲಿತದ್ದೇನು? ಏನೂ ಇಲ್ಲ. ಕೈಗೆ ಎಂದೋ ಗೊತ್ತಿದ್ದ ದಾರಿ ಆ ರಾತ್ರಿ ಮನಸ್ಸಿಗೆ ಗೊತ್ತಾಯಿತು, ಅಷ್ಟೆ. ಅಡುಗೆಯವನಿಗೆ ಕೊಟ್ಟ ಗುಟ್ಟಿನ ಅಪ್ಪಣೆಯಂತೂ ಇನ್ನೂ ಅರ್ಥಪೂರ್ಣ. ಇಂಥ ಹೊಳಹನ್ನು ಕಲಿಸುವುದು ಗುರುವಿನ ಕೈಯಲ್ಲಿಲ್ಲ, ತಡೆಯುವುದು ಮಾತ್ರ ಇದೆ ಎಂಬುದು ದ್ರೋಣನಿಗೆ ತಿಳಿದಿತ್ತು.

ಈ ಮಾತನ್ನು ನಾನು ಬರಿಯ ಓದಿನ ಬಲದಿಂದ ಹೇಳುತ್ತಿಲ್ಲ. ನಾನು ಆಲೂರಿನವನು. ಕಾಸರಗೋಡಿನ ಓದುಗರಿಗೆ ಈ ಊರು ದೂರದ್ದಾದರೂ ಅದರ ಪಾಡು ಹೊಸದಲ್ಲ. ಬಳ್ಳಾರಿ ಜಿಲ್ಲೆಯ ಆಲೂರು, ಆದೋನಿ, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು; ಮೂರು ವರ್ಷಗಳ ಮೇಲೆ, 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿತು. ಹುಡುಗನಾಗಿದ್ದಾಗ ನಾನು ಊರಿನ ವಸ್ತಾದರೊಬ್ಬರಲ್ಲಿ ದೊಣ್ಣೆವರಸೆ ಕಲಿಯಲು ಹೋಗುತ್ತಿದ್ದೆ. ನನ್ನ ಕಣ್ಣು ಸದಾ ಕೋಲಿನ ತುದಿಯ ಮೇಲೆ. "ಕೋಲೇನು ನೋಡ್ತೀಯಲೇ, ಅದು ನಿನ್ನ ಬಿಟ್ಟು ಎಲ್ಲಿಗೆ ಹೋಗ್ತದ?" ಎಂದು ಅವರು ದಿನಾ ಗದರುತ್ತಿದ್ದರು. ಒಂದು ಸಂಜೆ ಕರೆಂಟು ಹೋಯಿತು. "ನಿಂದ್ರಬ್ಯಾಡ" ಎಂದರು. ನಿಲ್ಲಲಿಲ್ಲ. ವರ್ಷವಿಡೀ ತೊಡರುತ್ತಿದ್ದ ಏಳನೆಯ ವರಸೆ ಕತ್ತಲೆಯಲ್ಲಿ ತನ್ನಷ್ಟಕ್ಕೆ ತಿರುಗಿತು. ಮೈ ಜುಮ್ಮೆಂದಿತು. ಓಡಿಹೋಗಿ ಹೇಳಿದೆ. ಅವರು ನಗಲೂ ಇಲ್ಲ, ಹೊಗಳಲೂ ಇಲ್ಲ: "ಯಾರಿಗೂ ಹೇಳಬ್ಯಾಡ. ಹೇಳಿದ್ರ ನಾಳಿಗೆ ಬರಂಗಿಲ್ಲ."

ಹೇಳದೆ ಇರಲಾಗಲಿಲ್ಲ. ಮರುದಿನ ಗೆಳೆಯರೆದುರು ಅದೇ ವರಸೆಯನ್ನು ತೋರಿಸಲು ಹೋಗಿ ಕೈಗೆಣ್ಣಿನ ಮೇಲೆ ಪೆಟ್ಟು ತಿಂದೆ. ಮತ್ತೆ ಅದು ಕೈಹತ್ತಲು ತಿಂಗಳುಗಳೇ ಬೇಕಾದವು. 'ವರಸೆ' ಎಂಬ ನಮ್ಮ ಪದಕ್ಕೆ ಸಾಲು, ಕ್ರಮ ಎಂಬ ಅರ್ಥವೂ ಇರುವುದು ಆಗ ನನಗೆ ಮನದಟ್ಟಾಯಿತು. ಸಾಲು ತಪ್ಪಿಸಿ ಹೊಳಹಿನ ಹಿಂದೆ ಓಡಿದವನಿಗೆ ಎರಡೂ ದಕ್ಕುವುದಿಲ್ಲ.

ಹೊರಗಿನವರಿಗೆ ನಮ್ಮ ಸೀಮೆಯ ದೊಣ್ಣೆ ಗೊತ್ತಿರುವುದು ದೇವರಗಟ್ಟಿನಿಂದ. ವಿಜಯದಶಮಿಯ ರಾತ್ರಿ ಅಲ್ಲಿ ಮಾಳಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಹಳ್ಳಿಹಳ್ಳಿಗಳ ಜನ ದೊಣ್ಣೆ ಹಿಡಿದು ಬಡಿದಾಡುತ್ತಾರೆ. ತಲೆ ಒಡೆದ ಲೆಕ್ಕ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಅದರ ಹಿಂದಿನ ಭಕ್ತಿಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಪಂಜಿನ ಬೆಳಕಿನ ಆ ನೂಕುನುಗ್ಗಲಿನಲ್ಲಿ ವರಸೆಗೆ ಎಡೆಯಿಲ್ಲ. ಅಭ್ಯಾಸವಿಲ್ಲದ ಕೈಗೆ ಕತ್ತಲೆ ಬರಿಯ ಕತ್ತಲೆಯೇ.

ಹೊಳಹಿನ ಬಗ್ಗೆ ಜಗತ್ತಿನಲ್ಲಿ ಬಹಳ ಓದಿಸಿಕೊಂಡ ಪುಸ್ತಕ ಜರ್ಮನಿಯ ಓಯ್ಗನ್ ಹೆರಿಗೆಲ್ 1948ರಲ್ಲಿ ಪ್ರಕಟಿಸಿದ, ಝೆನ್ ಮತ್ತು ಬಿಲ್ಲುವಿದ್ಯೆಯ ಕುರಿತಾದ ಕಿರುಗ್ರಂಥ. ಜಪಾನಿನ ಸೆಂದೈಯಲ್ಲಿ 1924ರಿಂದ 1929ರವರೆಗೆ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಆತ ಅವಾ ಕೆಂಜೋ ಎಂಬ ಗುರುವಿನಲ್ಲಿ ಬಿಲ್ಲು ಕಲಿತ. ಅಲ್ಲಿಯೂ ಒಂದು ಕತ್ತಲೆಯ ರಾತ್ರಿ ಬರುತ್ತದೆ. ಗುರಿಯ ಮುಂದೆ ಸಣ್ಣದೊಂದು ಬತ್ತಿ. ಗುರುವಿನ ಮೊದಲ ಬಾಣ ನಡುವಿಗೇ ನಾಟುತ್ತದೆ, ಎರಡನೆಯದು ಮೊದಲನೆಯದನ್ನು ಸೀಳುತ್ತದೆ. ಹೆರಿಗೆಲ್ಲನಿಗೆ ಅದು ಪರಮಸತ್ಯದ ದರ್ಶನ. ಆದರೆ ಯಮಾದಾ ಶೋಜಿ 2001ರ ತಮ್ಮ ಲೇಖನದಲ್ಲಿ ಎರಡು ಸಂಗತಿಗಳನ್ನು ಎತ್ತಿ ತೋರಿಸಿದರು: ಆ ರಾತ್ರಿ ದುಭಾಷಿ ಜೊತೆಗಿರಲಿಲ್ಲ, ಎರಡನೆಯ ಬಾಣದ್ದು ಬರಿಯ ಕಾಕತಾಳೀಯವೆಂದು ಅವಾ ಆಮೇಲೆ ಶಿಷ್ಯನೊಬ್ಬನಿಗೆ ಹೇಳಿದ್ದರು. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಇದರಲ್ಲಿ ಎಚ್ಚರಿಕೆಯಿದೆ. ಮಾತು ಅರ್ಥವಾಗದ ಕಡೆ ಬೆರಗು ಸುಲಭವಾಗಿ ಹುಟ್ಟುತ್ತದೆ. ವ್ಯಾಸರ ಕಥೆಯಲ್ಲಿ ಅಂಥ ಬೆರಗಿಲ್ಲ. ಇರುವುದು ಅನ್ನದ ತುತ್ತು. ಆದ್ದರಿಂದಲೇ ಅದು ನನಗೆ ಹೆಚ್ಚು ನಂಬಿಕೆಗೆ ಯೋಗ್ಯವೆನಿಸುತ್ತದೆ.

ಈ ಸಂಚಿಕೆಯ ಇನ್ನೊಂದು ಭಾಷೆಯಲ್ಲಿ ಇದಕ್ಕೆ ಒಳ್ಳೆಯ ನುಡಿಯಿದೆ. ಕಳರಿಯಲ್ಲಿ ಪಳಗಿದವನ 'ಮೆಯ್ ಕಣ್ಣಾಗಬೇಕು' ಎನ್ನುತ್ತಾರೆ ಮಲೆಯಾಳಿಗಳು. ಫಿಲಿಪ್ ಜರಿಲಿ 1998ರಲ್ಲಿ ಪ್ರಕಟಿಸಿದ ಕಳರಿಪಯಟ್ಟಿನ ಅಧ್ಯಯನದ ಹೆಸರಿನಲ್ಲಿಯೂ ಈ ಮಾತೇ ಇದೆ. ಕನ್ನಡಿಗರಿಗೆ ಅನುವಾದವೇ ಬೇಡ. 'ಮೈಯೆಲ್ಲ ಕಣ್ಣಾಗಿ' ಎಂದು ನಾವು ಕಾದು ಕುಳಿತ ತಾಯಿಯ ಬಗ್ಗೆಯೂ ಹೇಳುತ್ತೇವೆ. ಕಳರಿಯಲ್ಲಿ ಮೊದಲು ಮೆಯ್‌ತಾರಿ, ಆಮೇಲೆ ಕೋಲ್‌ತಾರಿ, ಆಯುಧ ಬರುವುದು ಅಂಗತಾರಿಯಲ್ಲಿ. ಇಷ್ಟಕ್ಕೂ ಗುರುಕ್ಕಳ್ ಬಾಯಲ್ಲಿ ಹೇಳುತ್ತ ಹೋಗುವ ವಾಯ್ತಾರಿ ಬೇಕು. ಮಾತು ಕಿವಿಗೆ ಬಿದ್ದಂತೆ ಮೈ ಚಲಿಸುತ್ತದೆ. ಹಾಗಾಗಿ ಪೆಟ್ಟಿನ ಜೊತೆಗೆ ಭಾಷೆಯೂ ಮೈಗೆ ಇಳಿಯುತ್ತದೆ. ನಮ್ಮ ವಸ್ತಾದರು ಎಣಿಸುತ್ತಿದ್ದುದು ಕನ್ನಡದಲ್ಲಿ. ಸಂತೆಯಲ್ಲಿ ಚಿಲ್ಲರೆಯನ್ನು ನಾನು ತೆಲುಗಿನಲ್ಲೇ ಎಣಿಸುತ್ತೇನೆ. ಬೆಳಿಗ್ಗೆ ಕೋಲು ಹಿಡಿದರೆ ಇಂದಿಗೂ ಬಾಯಿಗೆ ಬರುವುದು ಒಂದು, ಎರಡು, ಮೂರು.

ಅರ್ಜುನನ ಹೊಳಹಿನ ಹಿಂದೆಯೇ ವ್ಯಾಸರು ಏಕಲವ್ಯನ ಕಥೆಯನ್ನು ಇಟ್ಟಿದ್ದಾರೆ. ಎರಡನ್ನೂ ಒಟ್ಟಿಗೆ ಓದಬೇಕು. ಬೊಗಳುವ ನಾಯಿಯ ಬಾಯಿಗೆ ಏಳು ಬಾಣಗಳನ್ನು ತುಂಬಿದ ಆ ಹುಡುಗನಿಗೆ ದೀಪವಾರಿಸುವ ಗಾಳಿಯೂ ಬೇಕಾಗಲಿಲ್ಲ. ದ್ರೋಣ ಕೇಳಿದ್ದು ಅವನ ಬಲಗೈ ಹೆಬ್ಬೆರಳನ್ನು. ಆಮೇಲೆಯೂ ಅವನು ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಆದರೆ ಮೊದಲಿನ ವೇಗ ಇರಲಿಲ್ಲ ಎನ್ನುತ್ತಾರೆ ವ್ಯಾಸರು. ಅರ್ಜುನನ ಮನಸ್ಸಿನ ಜ್ವರ ಇಳಿಯಿತು ಎಂದೂ ಹೇಳುತ್ತಾರೆ. ವಿದ್ಯೆ ಮನಸ್ಸಿನಲ್ಲಿ ಮಾತ್ರ ಇರುವುದಾಗಿದ್ದರೆ ಬೆರಳನ್ನು ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಅದು ಎಲ್ಲಿದೆ ಎಂಬುದನ್ನು ಶಿಷ್ಯರಿಗಿಂತ ಮೊದಲೇ ಅರಿತಿದ್ದ ಗುರು ನೇರ ಅಲ್ಲಿಗೇ ಕೈ ಹಾಕಿದ.

ಗಡಿನಾಡಿನ ಕನ್ನಡ ಮನೆಗಳಲ್ಲಿ ಈ ಎರಡು ಕಥೆಗಳೂ ನಡೆಯುತ್ತಿವೆ. ಮಕ್ಕಳಿಗೆ ಒಂದು ದಿನ ತಾವಾಗಿಯೇ ಭಾಷೆಯ ಮೇಲೆ ಪ್ರೀತಿ ಹುಟ್ಟೀತು, ದೊಡ್ಡವರಾದ ಮೇಲೆ ಹೊಳೆದೀತು ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ನಾನೂ ಹಾಗೆಯೇ ಹೇಳಿಕೊಂಡವನು. ಮೊನ್ನೆ ಮೊಮ್ಮಗನ ಕೈಗೆ ಕೋಲು ಕೊಟ್ಟೆ. ಕೈ ಚುರುಕಾಗಿತ್ತು; ಎಣಿಕೆ ಮಾತ್ರ ಇಂಗ್ಲಿಷಿನಲ್ಲಿ ಸಾಗಿತು. ಅವನ ತಪ್ಪೇನಿಲ್ಲ. ಅವನ ಕಿವಿಯಲ್ಲಿ ಕನ್ನಡದಲ್ಲಿ ಎಣಿಸಿದವರು ಯಾರು? ಹೆಬ್ಬೆರಳನ್ನು ಯಾರೂ ಕೇಳದೆಯೇ ನಾವು ಕೊಟ್ಟು ಕುಳಿತಿದ್ದೇವೇನೋ ಎಂದು ಅಂದು ಅನಿಸಿತು.

ದೀಪ ಆರಿದಾಗ ಅರ್ಜುನನ ಕೈ ದಾರಿ ತಪ್ಪಲಿಲ್ಲ, ನಿಜ. ಆದರೆ ಆ ದಾರಿಯನ್ನು ಕೈ ಕಲಿತದ್ದು ದೀಪ ಉರಿಯುತ್ತಿದ್ದಾಗ, ದಿನಕ್ಕೆರಡು ಹೊತ್ತು, ಯಾರೋ ಬಡಿಸಿದ ಊಟದ ಮುಂದೆ. ನಾಳೆ ಬೆಳಿಗ್ಗೆ ಮೊಮ್ಮಗನ ಎದುರು ನಿಂತು ನಾನೇ ಎಣಿಸಬೇಕೆಂದಿದ್ದೇನೆ.